ಒಂದು ಕಳೀರಿ

"ಟೇಪ್ ಇದೆಯಾ?"

ಬಾಗಿಲಲ್ಲಿ ಗಂಡಸಿನ ದನಿ. ಹೇಮಶ್ರೀಯ ಎದೆ ಧಸಕ್ಕೆಂದಿತು.

ಅವಳು ಕನ್ನಡಿಯ ಮುಂದೆ ನಿಂತಿದ್ದಳು. ತುಟಿಯ ನಡುವೆ ಗುಂಡುಪಿನ್ನು, ಬಲಭುಜದ ಮೇಲೆ ಟೇಪು. ತನ್ನ ಅಳತೆಯನ್ನು ತಾನೇ ತೆಗೆದುಕೊಳ್ಳುತ್ತಿದ್ದಳು. ಭದ್ರಾವತಿಯ ಜನ್ನಾಪುರದ ಅರ್ಧಕ್ಕರ್ಧ ಹೆಂಗಸರ ಅಳತೆ ಬಲ್ಲ ಟೈಲರಮ್ಮ ಅವಳು. ಆದರೆ ತನ್ನ ಅಳತೆಯನ್ನು ಮಾತ್ರ ಯಾರೂ ಬಾರದ ಮಧ್ಯಾಹ್ನದ ಹೊತ್ತು ನೋಡಿ ಕದ್ದು ತೆಗೆದುಕೊಳ್ಳಬೇಕಿತ್ತು. ಆ ದಿನ ಚಿಲಕ ಹಾಕುವುದನ್ನು ಮರೆತಿದ್ದಳು.

'ನೋಡಿಬಿಟ್ಟನಾ...?'

ಬೆಚ್ಚಿ ತಿರುಗಿದ ರಭಸಕ್ಕೆ ಟೇಪು ಜಾರಿ, ಬಟ್ಟೆ ಕತ್ತರಿಸುವ ದೊಡ್ಡ ಮೇಜಿನ ಕೆಳಗೆ ಸೇರಿಕೊಂಡಿತು. ಅವಳು ಸೆರಗೆಳೆದು ಭುಜ ಮುಚ್ಚಿಕೊಂಡಳು.

ಬಾಗಿಲಲ್ಲಿದ್ದವನ ತಲೆಗೂದಲ ತುಂಬ ಮರದ ಹೊಟ್ಟು. ಕಿವಿಯ ಮೇಲೊಂದು ಪೆನ್ಸಿಲು. ಅವನೇ ಒಳಗೆ ಬಂದು, ಮೇಜಿಗೆ ಇಳಿಬಿಟ್ಟಿದ್ದ ಹಳೆಯ ಬೆಡ್‌ಶೀಟು ಸರಿಸಿ, ಬಗ್ಗಿ ಟೇಪನ್ನು ತೆಗೆದ. ಏಳುವುದಕ್ಕೆ ಸ್ವಲ್ಪ ಹೊತ್ತು ಹಿಡಿಯಿತು.

"ಪಕ್ಕದ ಲಿಂಗಪ್ಪೋರ ಮನೆ ಕಿಟಕಿ ಕೆಲಸ ನಂದು. ನನ್ನ ಸ್ಟೀಲ್ ಟೇಪಿನ ಸ್ಪ್ರಿಂಗ್ ಕೈಕೊಡ್ತು. ಒಂದ್ ಗಳಿಗೆ ನಿಮ್ಮದು ತಗೊಂಡು ಹೋಗ್ಲಾ?"

"ಮರ ಅಳೆಯೋಕೆ ಬಟ್ಟೆ ಟೇಪಾ?"

"ನೀವು ಬಟ್ಟೇನ ಮರದ ಮೇಲೆ ಇಟ್ಟು ಕತ್ತರಿಸಲ್ವಾ? ಹಾಗೇ ಇದೂನೂ."

ಅವಳಿಗೆ ನಗು ಬಂತು. ಆದರೆ ಸೆರಗು ಹಿಡಿದ ಕೈ ಬಿಡಲಿಲ್ಲ.

"ತಗೊಂಡು ಹೋಗಿ. ಆದ್ರೆ ಅದರ ಮೊದಲನೇ ಇಂಚು ಹರಿದುಹೋಗಿದೆ. ತುದೀಲಿರೋದೇ ಒಂದು. ಎಷ್ಟು ಬರುತ್ತೋ ಅದರಲ್ಲಿ ಒಂದು ಕಳೀರಿ."

"ಒಂದು ಕಳೀಬೇಕು. ಸರಿ."

ಅವನು ಹೋದ. ಹೇಮಶ್ರೀ ಚಿಲಕ ಹಾಕಿ ಬಾಗಿಲಿಗೆ ಒರಗಿದಳು.

ಅವಳು ಅಷ್ಟು ಹೆದರಿದ್ದೇಕೆಂದು ಹೇಳಿಬಿಡುತ್ತೇನೆ. ಹುಟ್ಟಿದಾಗಿನಿಂದ ಅವಳ ಬೆನ್ನು ಕೊಂಚ ವಾಲಿತ್ತು. ಬಲಭುಜ ಎಡಭುಜಕ್ಕಿಂತ ಒಂದಿಂಚು ಕೆಳಗೆ. ಒಂದೇ ಇಂಚು, ಬೇರೆಯವರ ಮೈಮೇಲಾದರೆ ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದಷ್ಟು. ಆದರೆ ಅವಳನ್ನು ನೋಡಲು ಬಂದಿದ್ದ ಮೊದಲ ಗಂಡಿನ ಕಡೆಯ ಹೆಂಗಸೊಬ್ಬಳು ಉಪ್ಪಿಟ್ಟು ತಿನ್ನುತ್ತಲೇ, "ಹುಡುಗಿ ಒಂದ್ ಕಡೆ ವಾಲಿದಾಳಲ್ಲ," ಅಂದುಬಿಟ್ಟಿದ್ದಳು. ಅವರು ಮತ್ತೆ ಬರಲಿಲ್ಲ. ಆಮೇಲೆ ಹೇಮಶ್ರೀ ತನ್ನ ಬ್ಲೌಸುಗಳ ಬಲಭುಜಕ್ಕೆ ಒಳಗಿನಿಂದ ಹತ್ತಿಯ ಮೆತ್ತೆ ಇಟ್ಟು ಹೊಲಿಯತೊಡಗಿದಳು. ಎಷ್ಟು ಚೆನ್ನಾಗಿ ಹೊಲಿಯುತ್ತಿದ್ದಳೆಂದರೆ, ಅಪ್ಪ ತೀರಿಕೊಂಡ ಮೇಲೆ, ತಾಯಿ ಚಿನ್ನಮ್ಮನ ಹೊರತು ಇನ್ನೊಂದು ಜೀವಕ್ಕೆ ಅದು ಗೊತ್ತಿರಲಿಲ್ಲ.

ಸಂಜೆ ಟೇಪು ವಾಪಸು ಬಂತು. ಜೊತೆಗೆ ಅಂಗೈಯಗಲದ ಒಂದು ಮರದ ತುಂಡೂ ಬಂತು.

"ಇದೇನು?"

"ನಿಮ್ಮ ಟೇಪಿನ ಮೊದಲನೇ ಇಂಚು."

"ಅಂದ್ರೆ?"

"ಕಳೆಯೋದು ಮರೆತೆ ಕಣ್ರೀ. ಚೌಕಟ್ಟು ಒಂದಿಂಚು ಉದ್ದ ಆಗಿ ಗೋಡೇಲಿ ಕೂತ್ಕೊಳ್ಳೇ ಇಲ್ಲ. ಕುಯ್ದು ತಂದೆ. ಹೊನ್ನೆ ಮರ, ಬಿಸಾಕೋಕೆ ಮನಸ್ಸು ಬರ್ಲಿಲ್ಲ."

ಹೇಮಶ್ರೀ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

"ನಗ್ತೀರಾ? ಉದ್ದ ಆದ್ರೆ ಕುಯ್ಯಬಹುದು. ಗಿಡ್ಡ ಆಗಿದ್ರೆ ಲಿಂಗಪ್ಪೋರು ನನ್ನನ್ನೇ ಕುಯ್ತಿದ್ರು."

ಅವನ ಹೆಸರು ಯೋಗರಾಜ್. ಶಿವಮೊಗ್ಗದ ದುರ್ಗಿಗುಡಿಯವನು. ಬಡಗಿ ಕೆಲಸ. ಭದ್ರಾವತಿಯಲ್ಲಿ ಕೆಲಸ ಹಿಡಿದಾಗ ಬೆಳಿಗ್ಗೆ ಬಸ್ಸಿಗೆ ಬಂದು ಸಂಜೆ ಬಸ್ಸಿಗೆ ಹೋಗುತ್ತಿದ್ದ. ಲಿಂಗಪ್ಪನವರ ಕಿಟಕಿ ಮುಗಿದ ಮೇಲೆ ಅದೇ ಬೀದಿಯಲ್ಲಿ ಇನ್ನೊಬ್ಬರ ಬಾಗಿಲು, ಮತ್ತೊಬ್ಬರ ಶೋಕೇಸು... ಆ ವರ್ಷ ಜನ್ನಾಪುರದ ಜನಕ್ಕೆ ಇದ್ದಕ್ಕಿದ್ದಂತೆ ಮರದ ಕೆಲಸದ ಹುಚ್ಚು ಹಿಡಿಯಿತೋ, ಇವನೇ ಮನೆಮನೆ ತಿರುಗಿ ಕೆಲಸ ಕೇಳಿಕೊಂಡನೋ, ನೀವೇ ಊಹಿಸಿಕೊಳ್ಳಿ.

ಮರದ ತುಂಡು ಹೇಮಶ್ರೀಯ ಮೇಜಿನ ಮೇಲೆ ಉಳಿಯಿತು. ಬಟ್ಟೆ ಜಾರದ ಹಾಗೆ ಅದನ್ನು ಒಂದು ಮೂಲೆಗೆ ಹೇರಿ ಕತ್ತರಿ ಆಡಿಸುತ್ತಿದ್ದಳು.

ಯೋಗರಾಜ್ ಹೊಸ ಸ್ಟೀಲ್ ಟೇಪು ಕೊಂಡ. ಆದರೂ ಅವಳ ಟೇಪು ಕೇಳಲು ಬರುವುದು ತಪ್ಪಲಿಲ್ಲ.

"ಜೇಬಲ್ಲೇ ಇದೆಯಲ್ರೀ ನಿಮ್ಮದು?"

"ಅದು ಮರಕ್ಕೆ."

"ಮತ್ತೆ ಇದು?"

"ಇದು ಇಲ್ಲಿಗೆ ಬರೋಕೆ."

ಪಾಪದ ಆ ಟೇಪಿಗೆ ಕೆಲಸವೇನು ಕಡಿಮೆ ಇತ್ತೇ? ಹೂ ಮಾರುವವಳು ಮೊಳಕ್ಕೆ ಮೋಸ ಮಾಡಿದಳೆಂದು ಚಿನ್ನಮ್ಮ ಅದರಲ್ಲೇ ಮಲ್ಲಿಗೆ ಮಾಲೆ ಅಳೆದು ಜಗಳಕ್ಕೆ ನಿಲ್ಲುತ್ತಿದ್ದರು. ಬೀದಿಯ ಮಕ್ಕಳು ಎತ್ತರ ಅಳೆಸಿಕೊಳ್ಳಲು ಬಂದು ಹಿಮ್ಮಡಿ ಎತ್ತಿ ನಿಲ್ಲುತ್ತಿದ್ದವು. ಟಿವಿ ಕೊಂಡವರು ಅದಕ್ಕೊಂದು ಕವರು ಹೊಲಿಸಲು ಅಗಲ ಉದ್ದ ನೋಡಲು ಒಯ್ಯುತ್ತಿದ್ದರು. ಒಯ್ಯುವವರಿಗೆಲ್ಲ ಹೇಮಶ್ರೀಯ ಒಂದೇ ಮಾತು, "ಒಂದು ಕಳೀರಿ." ಕಳೆಯುವುದನ್ನು ಮರೆತವರ ಟಿವಿ ಕವರುಗಳು ಇವತ್ತಿಗೂ ದೊಗಳೆಯಾಗಿ ಜೋತಾಡುತ್ತಿರಬಹುದು.

ಒಂದು ದಿನ ಯೋಗರಾಜ್ ಶಿವಮೊಗ್ಗದ ಗಾಂಧಿ ಬಜಾರಿನಿಂದ ಹೊಸ ಟೇಪು ತಂದುಕೊಟ್ಟ. ಹಳದಿ ಬಣ್ಣದ್ದು, ತುದಿಗೆ ಹಿತ್ತಾಳೆ.

"ಯಾಕೆ ಇದು?"

"ನಿಮ್ಮ ಹಳೇದು ಯಾವಾಗ್ಲೂ ಕುತ್ತಿಗೆಯಿಂದ ಜಾರಿ ಬೀಳುತ್ತೆ. ಸವೆದು ನುಣ್ಣಗಾಗಿದೆ, ಹಿಡಿತ ಇಲ್ಲ."

ಟೇಪು ಜಾರುತ್ತಿದ್ದುದು ಬಲಗಡೆಗೆ. ಅದಕ್ಕೆ ಕಾರಣ ಟೇಪಲ್ಲ ಎಂದು ಹೇಮಶ್ರೀಗೆ ಗೊತ್ತಿತ್ತು.

'ಇವನಿಗೆ ಹೇಳಬೇಕು. ಇವತ್ತು ಹೇಳ್ತೀನಿ...'

ಹೇಳಲಿಲ್ಲ. ಹೊಸ ಟೇಪನ್ನು ಬೀರುವಿನಲ್ಲಿ ಸೀರೆಯ ಮಡಿಕೆಯೊಳಗಿಟ್ಟಳು. ಹಳೆಯದನ್ನೇ ಕುತ್ತಿಗೆಗೆ ಹಾಕಿಕೊಂಡಳು.

ಪ್ರೀತಿಯೆಂಬ ಮಾತನ್ನು ಇಬ್ಬರೂ ಆಡಲಿಲ್ಲ. ಒಂದು ಸಂಜೆ ಬಸ್ಸಿಗೆ ಹೊರಟವನು ಹೊಸಿಲಲ್ಲಿ ನಿಂತು ಕೇಳಿದ.

"ಅಮ್ಮನ್ನ ಕರ್ಕೊಂಡು ಬರ್ಲಾ ಹೇಮಾ?"

"ಯಾಕೆ? ಬ್ಲೌಸ್ ಹೊಲಿಸ್ಬೇಕಾ?"

"ಹೂಂ. ಧಾರೆ ಬ್ಲೌಸು."

ಅವಳ ಕೈಯ ಸೂಜಿ ಬೆರಳಿಗೆ ಚುಚ್ಚಿತು. ಆದರೆ ಅವಳು ಬೇಡವೆನ್ನಲಿಲ್ಲ.

*

ಯೋಗರಾಜನ ತಾಯಿ ಈಶ್ವರಮ್ಮ ಹೂವು ಹಣ್ಣು ಹಿಡಿದುಕೊಂಡೇ ಬಂದರು. ಜೊತೆಗೆ ಅವರ ತಮ್ಮ ಹುಲಿಯಪ್ಪ, ಅವರೂ ಬಡಗಿ. ಹೆಣ್ಣು ನೋಡುವುದು ಶಾಸ್ತ್ರಕ್ಕೆ ಮಾತ್ರ. ಅಕ್ಕಪಕ್ಕದವರಿಗೂ ಅದು ಗೊತ್ತಿದ್ದುದರಿಂದ ಕಾಫಿಯ ನೆವದಲ್ಲಿ ಇಬ್ಬರು ಬಂದು ಕೂತಿದ್ದರು.

ಎಲ್ಲ ಚೆನ್ನಾಗಿಯೇ ನಡೆಯಿತು. ಹೊರಡುವ ಮೊದಲು ಈಶ್ವರಮ್ಮ ಚಿನ್ನಮ್ಮನ ಕೈ ಹಿಡಿದು ಹೇಳಿದರು.

"ಹುಡುಗೀದು ಒಂದು ಅಳತೆ ರವಿಕೆ ಕೊಟ್ಬಿಡಿ. ಧಾರೆಗೆ ನಾವೇ ಹೊಲಿಸ್ಬೇಕಲ್ಲ."

ಇದಕ್ಕಿಂತ ದೊಡ್ಡ ಮಾತು ಬೇರೆ ಬೇಕಿರಲಿಲ್ಲ. ಗಂಡಿನ ಮನೆಯವರು ಹೆಣ್ಣಿನ ಅಳತೆ ರವಿಕೆ ಒಯ್ದರೆಂದರೆ ಮದುವೆ ಗೊತ್ತಾಯಿತೆಂದೇ ಅರ್ಥ. ಚಿನ್ನಮ್ಮ ಸಂಭ್ರಮದಲ್ಲಿ ಕೈಗೆ ಸಿಕ್ಕಿದ ನೀಲಿ ಬ್ಲೌಸನ್ನು ಮಡಿಸಿ ಅರಿಸಿನ ಕುಂಕುಮ ಇಟ್ಟು ಕೊಟ್ಟೇಬಿಟ್ಟರು.

ಅಡುಗೆಮನೆಯಲ್ಲಿದ್ದ ಹೇಮಶ್ರೀ ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. ಆ ಬ್ಲೌಸಿನ ಬಲಭುಜದಲ್ಲಿ ಮೆತ್ತೆ ಇತ್ತು.

'ಅದು ಬೇರೆ ಟೈಲರ್ ಕೈಗೆ ಹೋಗುತ್ತೆ. ಬೇರೆಯವರ ಬಾಯಿಂದ ಇವನಿಗೆ ಗೊತ್ತಾಗಬಾರದು. ಈಗಲೇ ಕರೆದು ನಾನೇ ಹೇಳಿಬಿಡ್ತೀನಿ. ಬೇಡ ಅಂದ್ರೆ ಬೇಡ ಅನ್ನಲಿ...'

ಧೈರ್ಯ ಮಾಡಿ ನಡುಮನೆ ದಾಟಿದಳು. ಮುಂದಿನ ಅಂಗಡಿಕೋಣೆಯಲ್ಲಿ ಗಂಡಸರಿಬ್ಬರೇ ಇದ್ದರು. ಪರದೆಗೆ ಕೈ ಹಾಕಿದವಳು ಅಲ್ಲೇ ನಿಂತಳು.

ಯೋಗರಾಜನ ದನಿ. ಮೆಲ್ಲಗೆ ಮಾತಾಡುತ್ತಿದ್ದ.

"ನಾನು ಮೊದಲ ದಿನಾನೇ ನೋಡಿದ್ದೆ ಮಾವ. ಬಲಗಡೆ ಒಂದಿಂಚು ಕಮ್ಮಿ ಇದೆ. ಗೊತ್ತಾಗಬಾರ್ದು ಅಂತ ಏನೋ ಇಟ್ಟು ಬಟ್ಟೆ ಸುತ್ತಿ ಮುಚ್ಚಿದಾರೆ."

"ಹೌದಲ್ಲೋ," ಹುಲಿಯಪ್ಪನ ದನಿ. "ಇಂಥ ಸೊಟ್ಟನ್ನ ಯಾಕ್ ಮನೆಗೆ ಹೊತ್ಕೊಂಡು ಹೋಗ್ತೀಯ ಮಾರಾಯ? ಬೇರೆ ಮಾಡ್ಕೋ."

"ಪಾಪ, ಅವರಪ್ಪ ಬಿಟ್ಟುಹೋಗಿರೋದು. ಬೇಡ ಅನ್ನೋಕಾಗುತ್ತಾ? ಇರ್ಲಿ ಬಿಡಿ. ಹೇಗೋ ಸರಿ ಮಾಡ್ಕೋತೀನಿ."

ಹುಲಿಯಪ್ಪ ನಕ್ಕರು. ಯೋಗರಾಜನೂ ನಕ್ಕ.

ಹೇಮಶ್ರೀಯ ಕೈ ಪರದೆಯಿಂದ ಕಳಚಿತು. ಹೇಗೆ ಬಂದಳೋ ಹಾಗೆಯೇ ಹಿಂದಕ್ಕೆ ಹೋಗಿ, ಹಿತ್ತಲ ಬಚ್ಚಲಿಗೆ ಸೇರಿ, ಹಂಡೆಯ ಪಕ್ಕ ಕುಕ್ಕರಿಸಿದಳು.

'ಮೊದಲ ದಿನಾನೇ ನೋಡಿದ್ದ. ಇಷ್ಟು ದಿನ ನನ್ನ ಜೊತೆ ನಕ್ಕಿದ್ದೆಲ್ಲ ಪಾಪ ಅಂತ...'

ಮಾರನೆಯ ದಿನ ಲಿಂಗಪ್ಪನವರ ಕೈಯಲ್ಲಿ ದುರ್ಗಿಗುಡಿಗೆ ಮಾತು ಹೋಯಿತು. ಹೇಮಶ್ರೀಗೆ ಈ ಸಂಬಂಧ ಬೇಡವಂತೆ.

ಚಿನ್ನಮ್ಮ ಅತ್ತರು, ಬೈದರು, ಕೇಳಿದರು. "ಕಾರಣ ಆದ್ರೂ ಹೇಳೇ ಮಾರಾಯ್ತಿ."

ಕಾರಣ ಹೇಳಬೇಕಾದರೆ ಆ ಒಂದಿಂಚಿನ ಮಾತನ್ನು ಮತ್ತೆ ಬಾಯಿಬಿಟ್ಟು ಆಡಬೇಕು. ಹೇಮಶ್ರೀ ಆಡಲಿಲ್ಲ.

ವಾರ ಕಳೆದ ಮೇಲೆ ಯೋಗರಾಜ್ ತಾನೇ ಬಂದ. ಅವಳು ಒಳಗಿನಿಂದ ಚಿಲಕ ಹಾಕಿಕೊಂಡಳು. ಅವನು ಬಾಗಿಲಿಗೆ ಬಾಯಿಟ್ಟು, ಬೀದಿಗೆ ಕೇಳದ ಹಾಗೆ ಹೇಳಿದ.

"ಹೇಮಾ, ಒಂದಿಂಚಿಗೆ ಇಷ್ಟೆಲ್ಲ ಯಾಕೆ? ನಂಗೆ ಅದು ಲೆಕ್ಕಾನೇ ಅಲ್ಲ."

ಅವಳಿಗೆ ಉಳಿದಿದ್ದ ಚೂರು ಅನುಮಾನವೂ ಆ ಮಾತಿನಿಂದ ಹೋಯಿತು.

"ನಿಮ್ಮ ಕರುಣೆ ನಂಗೆ ಬೇಡ. ಹೋಗಿ."

ಆಮೇಲೆ ಚಪ್ಪಲಿಯ ಸದ್ದು ಬೀದಿಯ ಕಡೆ ಹೋಯಿತು.

*

ವರ್ಷಗಳು ಹೋದವು. ಅವುಗಳ ಬಗ್ಗೆ ಹೇಳಲು ಹೆಚ್ಚೇನಿಲ್ಲ.

ಜನ್ನಾಪುರದಲ್ಲಿ ಹೇಮಶ್ರೀಗೆ ಹೊಸದೊಂದು ಹೆಸರು ಬಂತು. ಅಳತೆ ರವಿಕೆ ಹೋಗಿ ಮದುವೆ ನಿಂತವಳು. ಯಾರೂ ಕೆಟ್ಟ ಮನಸ್ಸಿನಿಂದ ಹೇಳುತ್ತಿರಲಿಲ್ಲ. ಗುರುತಿಗೆ ಹೇಳುತ್ತಿದ್ದರು, ಮೂಲೆ ಮನೆ, ನೀಲಿ ಗೇಟು ಅಂದ ಹಾಗೆ. ಗಂಡಿನ ಕಡೆಯವರು ವಿಚಾರಿಸಿಕೊಂಡು ಬಸ್ ಸ್ಟಾಪಿನವರೆಗೆ ಬಂದು ಅಲ್ಲಿಂದಲೇ ವಾಪಸು ಹೋದದ್ದೂ ಉಂಟು. ಆಮೇಲೆ ವಿಚಾರಿಸುವವರೂ ನಿಂತರು.

ರವಿಕೆ ಮಾತ್ರ ದುರ್ಗಿಗುಡಿಯಿಂದ ತಿರುಗಿ ಬರಲಿಲ್ಲ. ಕೇಳಿ ಕಳಿಸುವ ಮುಖ ಚಿನ್ನಮ್ಮನಿಗೂ ಇರಲಿಲ್ಲ.

ಹೇಮಶ್ರೀ ಬೇರೆ ಹುಡುಗಿಯರ ಧಾರೆ ಬ್ಲೌಸು ಹೊಲಿದಳು. ಅವರ ಬಸುರಿಗೆ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಳು. ಅವರ ಮಕ್ಕಳಿಗೆ ಫ್ರಾಕು ಹೊಲಿದಳು. ಕನ್ನಡಿಯ ಮುಂದೆ ನಿಂತು ತನ್ನ ಅಳತೆ ತೆಗೆದುಕೊಳ್ಳುವುದನ್ನು ಬಿಟ್ಟಿದ್ದಳು. ಬದಲಾಗುವಂಥದ್ದು ಅಲ್ಲಿ ಏನಿದೆ? ಹೊನ್ನೆಯ ತುಂಡನ್ನು ಎಷ್ಟೋ ಸಲ ಒಲೆಗೆ ಹಾಕಬೇಕೆಂದು ಒಯ್ದು, ಮತ್ತೆ ತಂದು ಮೇಜಿನ ಮೇಲಿಟ್ಟಳು.

ಎರಡು ಸಾವಿರದ ಇಸವಿಯ ಒಂದು ಮಧ್ಯಾಹ್ನ. ಈಚೆಗೆ ಕಿವಿ ಮಂದವಾಗಿದ್ದ ಚಿನ್ನಮ್ಮ ಒಳಗೆ ಮಲಗಿದ್ದರು. ಹೇಮಶ್ರೀ ತಲೆ ಬಗ್ಗಿಸಿ ಫ್ರಾಕಿನ ಗುಂಡಿಗೆ ಕಾಜ ಹೊಲಿಯುತ್ತಿದ್ದಳು.

"ಟೇಪ್ ಇದೆಯಾ?" ಎಂದು ಈ ಸಲ ಯಾರೂ ಕೇಳಲಿಲ್ಲ. ಬೆಳಕಿಗೆ ಅಡ್ಡವಾಯಿತೆಂದು ಅವಳು ತಲೆಯೆತ್ತಿದಳು.

ಯೋಗರಾಜ್ ನಿಂತಿದ್ದ. ಕಿವಿಯ ಮೇಲಿನ ಪೆನ್ಸಿಲಿನ ಸುತ್ತ ಕೂದಲು ಬೆಳ್ಳಗಾಗಿತ್ತು. ಕೈಯಲ್ಲಿ ಬಟ್ಟೆ ಅಂಗಡಿಯ ಕವರು.

ಎದ್ದು ನಿಂತದ್ದೂ ಅವಳಿಗೆ ಗೊತ್ತಾಗಲಿಲ್ಲ.

"ಒಳಗೆ ಬರ್ಲಾ?"

"ಬನ್ನಿ."

"ಅಮ್ಮ ಕಳಿಸಿದ್ರು," ಅವನು ನೆಲ ನೋಡಿಕೊಂಡು ಹೇಳಿದ. "ನಿನ್ನ ರವಿಕೆ ವಾಪಸ್ ಕೊಟ್ಟು ಬಾ ಅಂದ್ರು. ಒಂದೇ ಮನೇಲಿ ಎರಡು ಅಳತೆ ರವಿಕೆ ಇರಬಾರದಂತೆ."

ಎರಡು.

ಅರ್ಥವಾಗಲು ಅವಳಿಗೆ ಹೊತ್ತು ಬೇಕಾಗಲಿಲ್ಲ. ಇಷ್ಟು ವರ್ಷ ತಾನು ಏನನ್ನೂ ಕಾಯುತ್ತಿಲ್ಲವೆಂದುಕೊಂಡಿದ್ದಳು. ಅದು ಸುಳ್ಳೆಂದು ಈಗ ತಿಳಿಯಿತು.

"ಯಾವಾಗ ಮದುವೆ?"

"ಮುಂದಿನ ತಿಂಗಳು."

"ಒಳ್ಳೇದಾಯ್ತು."

ಕವರಿಗೆ ಕೈ ಹಾಕಿದಳು. ಮೊದಲು ಸಿಕ್ಕಿದ್ದು ಅವಳದಲ್ಲ. ಹಸಿರು ಬಣ್ಣದ್ದು, ಚಿಕ್ಕದು.

"ಅಯ್ಯೋ, ಅದಲ್ಲ. ಅದು ಹುಡುಗೀದು. ಹೋಗ್ತಾ ಟೈಲರಿಗೆ ಕೊಡಬೇಕು..."

ಆದರೆ ಅದು ಅಷ್ಟರಲ್ಲಿ ಅವಳ ಕೈಯಲ್ಲಿತ್ತು. ಬ್ಲೌಸು ಸಿಕ್ಕರೆ ಟೈಲರ್ ಕೈ ಸುಮ್ಮನಿರುವುದಿಲ್ಲ, ಒಳಗುಹೊರಗು ಮಾಡಿ ತಿರುಗಿಸಿಯೇ ತಿರುಗಿಸುತ್ತದೆ. ಸಪೂರ ಭುಜ. ಕಂಕುಳಲ್ಲಿ ಹರಿದದ್ದಕ್ಕೆ ಒಳಗಿನಿಂದ ಹಾಕಿದ ಸಣ್ಣ ತೇಪೆ, ಕೈಹೊಲಿಗೆ, ಹೊರಗೆ ಕಾಣದಷ್ಟು ನಾಜೂಕು. ಇದ್ದುದರಲ್ಲಿ ಒಳ್ಳೆಯದನ್ನೇ ಆರಿಸಿ, ತೇಪೆ ಕಾಣದ ಹಾಗೆ ಮಡಿಸಿ ಕೊಟ್ಟಿದ್ದಾರೆ. ಮುಖ ನೋಡದಿದ್ದರೂ ಆ ಹುಡುಗಿ ಇವಳಿಗೆ ಪರಿಚಯವಾಗಿಬಿಟ್ಟಳು.

"ಹೆಸರೇನು?"

"ಕಮಲಾಕ್ಷಿ. ಹೊಳೆಹೊನ್ನೂರು."

ಹೇಮಶ್ರೀ ಹಸಿರು ರವಿಕೆಯನ್ನು ಮೊದಲಿದ್ದಂತೆಯೇ ಮಡಿಸಿದಳು. ಆಮೇಲೆ ತನ್ನ ನೀಲಿ ರವಿಕೆಯನ್ನು ತೆಗೆದಳು. ಬಲಭುಜದ ಹೊಲಿಗೆ ಬಿಚ್ಚಿ, ಮತ್ತೆ ಯಾರೋ ಒರಟಾಗಿ ಹಾಕಿದ್ದರು.

"ಅಮ್ಮ ಅವತ್ತೇ ಟೈಲರಿಗೆ ಕೊಟ್ಟಿದ್ರು, ಅವನು ಬಿಚ್ಚಿ ನೋಡಿದ್ದ," ಯೋಗರಾಜ್ ಹೇಳಿದ. "ಒಳಗೆ ಮೆತ್ತೆ ಇದೆ, ಹುಡುಗಿ ಭುಜ ಇಳಿದಿರ್ಬೇಕು ಅಂತ ಅಮ್ಮಂಗೆ ಹೇಳಿದ. ನಂಗೆ ಗೊತ್ತಾಗಿದ್ದೇ ಆವಾಗ. ಅದಕ್ಕೇ ಬೇಡ ಅಂದಿರ್ಬೇಕು, ನಾನೇನಾದ್ರೂ ಅಂದ್ಕೋತೀನಿ ಅಂತ ಹೆದರಿರ್ಬೇಕು ಅಂದ್ಕೊಂಡು ಓಡಿ ಬಂದೆ. ನೀನು ಬಾಗಿಲು ತೆಗೀಲಿಲ್ಲ."

"ಸುಳ್ಳು ಯಾಕೆ ಹೇಳ್ತೀರಿ ಈಗ?"

"ಸುಳ್ಳಾ?"

"ಮೊದಲ ದಿನಾನೇ ನೋಡಿದ್ರಿ ನೀವು. ನಿಮ್ಮ ಮಾವಂಗೆ ಹೇಳ್ತಿದ್ದಿದ್ದನ್ನ ಪರದೆ ಹಿಂದೆ ನಿಂತು ಕೇಳಿದೀನಿ. ಬಲಗಡೆ ಒಂದಿಂಚು ಕಮ್ಮಿ, ಬಟ್ಟೆ ಸುತ್ತಿ ಮುಚ್ಚಿದಾರೆ ಅಂದ್ರಿ. ಅವರು ಬೇರೆ ಮಾಡ್ಕೋ ಅಂದ್ರು. ನೀವು... ಪಾಪ, ಅವರಪ್ಪ ಬಿಟ್ಟುಹೋಗಿರೋದು, ಸರಿ ಮಾಡ್ಕೋತೀನಿ ಅಂದ್ರಿ. ಇಬ್ಬರೂ ನಕ್ಕಿರಿ."

ಯೋಗರಾಜ್ ಅವಳನ್ನೇ ನೋಡುತ್ತ ನಿಂತ.

ಆಮೇಲೆ ಮಂಡಿಯೂರಿ, ಮೇಜಿಗೆ ಇಳಿಬಿಟ್ಟಿದ್ದ ಬೆಡ್‌ಶೀಟನ್ನು ಎತ್ತಿ ಮೇಲೆ ಹಾಕಿದ.

"ಬಾ. ಕೂತು ನೋಡು."

ಅವಳು ಬಗ್ಗಿದಳು. ಮೇಜಿನ ಬಲಗಡೆಯ ಕಾಲಿನ ಬುಡಕ್ಕೆ ರಟ್ಟಿನ ಮಡಿಕೆ, ಅದರ ಸುತ್ತ ಬಣ್ಣಗೆಟ್ಟ ಬಟ್ಟೆ, ಬಟ್ಟೆಯ ಮೇಲೆ ಹುರಿ. ಕಾರ್ಖಾನೆಯ ಕೆಲಸ ಮುಗಿಸಿ ಬಂದು ಭಾನುವಾರಗಳಲ್ಲಿ ಕೂತು ಆ ಮೇಜು ಮಾಡಿದ್ದವರು ಅವಳ ಅಪ್ಪ ರಾಮಯ್ಯ. ಬಡಗಿ ಕೆಲಸ ಗೊತ್ತಿದ್ದವರಲ್ಲ. ಮೇಜು ಅಲುಗಿದಾಗಲೆಲ್ಲ ನೆಲ ಸಮ ಇಲ್ಲ ಮಗಳೇ ಎನ್ನುತ್ತಿದ್ದರು. ಅವಳು ಇವತ್ತಿನವರೆಗೂ ನೆಲವನ್ನೇ ದೂರಿಕೊಂಡಿದ್ದಳು.

ಕುತ್ತಿಗೆಯಲ್ಲಿದ್ದ ಟೇಪು ತೆಗೆದು ಒಂದು ಕಾಲಿಗೆ ಹಿಡಿದಳು. ಇನ್ನೊಂದಕ್ಕೆ. ಮತ್ತೊಂದಕ್ಕೆ. ಮೂರೂ ಒಂದೇ ಅಳತೆ. ನಾಲ್ಕನೆಯದಕ್ಕೆ ಹಿಡಿದಾಗ ಕೈ ಅಲ್ಲೇ ನಿಂತಿತು.

ಒಂದಿಂಚು ಕಮ್ಮಿ.

"ಅವತ್ತು 'ಟೇಪ್ ಇದೆಯಾ' ಅಂತ ಬಂದಾಗ ಇದರ ಕೆಳಗೆ ಬಗ್ಗಿದ್ನಲ್ಲ, ಆಗ ನೋಡಿದ್ದು," ಅವನು ಹೇಳಿದ. "ಮದುವೆ ಆದ್ಮೇಲೆ ಮೇಜನ್ನೂ ದುರ್ಗಿಗುಡಿಗೆ ಹೊತ್ಕೊಂಡು ಹೋಗ್ಬೇಕು ಅಂತಿದ್ದೆ. ನಿನ್ನ ಅಪ್ಪನ ಮೇಜು, ನೀನು ಬಿಟ್ಟು ಬರ್ತಿರ್ಲಿಲ್ಲ. ಮಾವ ಕೈಯೂರಿದ್ರು, ಅಲ್ಲಾಡಿತು. ಅದಕ್ಕೆ ಆ ಮಾತು ಬಂತು."

ಹೇಮಶ್ರೀ ನೆಲದ ಮೇಲೆ ಕೂತುಬಿಟ್ಟಳು.

"ಆದ್ರೆ... ಅವತ್ತು ನಾನು ಕನ್ನಡಿ ಮುಂದೆ..."

"ನಂಗೆ ಟೇಪ್ ಬೇಕಿತ್ತು. ಟೇಪ್ ನೋಡಿದೆ."

"ಆಮೇಲೆ ಇಷ್ಟು ಸಲ ಬಂದ್ರಲ್ಲ. ಬಡಗಿ ಕಣ್ಣು ನಿಮ್ಮದು. ಒಂದಿಂಚು ಕಾಣ್ಲಿಲ್ಲ ಅಂದ್ರೆ ಯಾರು ನಂಬ್ತಾರೆ?"

"ಕುತ್ತಿಗೆಯಿಂದ ಟೇಪ್ ಜಾರೋದು ನೋಡಿ ಹೊಸ ಟೇಪ್ ತಂದವನು ಕಣೇ ನಾನು." ಅವನು ನಗಲು ನೋಡಿದ, ಆಗಲಿಲ್ಲ. "ಮೇಜನ್ನ ಅಳೆದೆ ಹೇಮಾ. ನಿನ್ನನ್ನ ಯಾವತ್ತೂ ಅಳೀಲಿಲ್ಲ."

ಅವಳು ಎರಡೂ ಕೈಯಿಂದ ಮುಖ ಮುಚ್ಚಿಕೊಂಡಳು. ಅಳು ಒಳಗೆ ಮಲಗಿದ್ದ ತಾಯಿಗೆ ಕೇಳುವಂಥದ್ದಲ್ಲ. ಇಷ್ಟು ವರ್ಷ ಸದ್ದಿಲ್ಲದೆ ಅತ್ತು ಅಭ್ಯಾಸವಾದವರ ಅಳು ಅದು.

'ಒಂದು ಮಾತು ಕೇಳಿದ್ದಿದ್ರೆ... ಪರದೆ ಸರಿಸಿದ್ದಿದ್ರೆ...'

ಯೋಗರಾಜ್ ಅವಳ ಎದುರು ನೆಲದ ಮೇಲೆಯೇ ಕೂತ. ತಗ್ಗಿದ ದನಿಯಲ್ಲಿ ಹೇಳಿದ.

"ಇನ್ನೂ ಧಾರೆ ಆಗಿಲ್ಲ. ನೀನು ಹೂಂ ಅನ್ನು. ಅಮ್ಮನ ಕಾಲು ಹಿಡ್ಕೋತೀನಿ. ಹೊಳೆಹೊನ್ನೂರಿಗೆ ನಾನೇ ಹೋಗಿ ಹೇಳ್ತೀನಿ."

ಒಂದು ಗಳಿಗೆ, ಒಂದೇ ಗಳಿಗೆ, ಅವಳ ಕಣ್ಣ ಮುಂದೆ ಎಲ್ಲ ಬಂದು ಹೋಯಿತು. ದುರ್ಗಿಗುಡಿಯ ಮನೆ, ಕಿಟಕಿಯ ಬೆಳಕು ಬೀಳುವಲ್ಲಿ ಈ ಮೇಜು, ಸಂಜೆ ಮರದ ಹೊಟ್ಟು ಕೊಡವಿಕೊಂಡು ಒಳಗೆ ಬರುವವನು. ಹೂಂ ಎನ್ನಲು ಬಾಯಿ ತೆರೆದಳು ಕೂಡ.

ಕಣ್ಣು ಮೇಜಿನ ಮೇಲಿನ ಹಸಿರು ರವಿಕೆಯ ಮೇಲೆ ಬಿತ್ತು.

"ಅವಳ ರವಿಕೆ ನಿಮ್ಮ ಮನೆಗೆ ಬಂದಾಗಿದೆ," ಎಂದಳು.

"ವಾಪಸ್ ಕೊಟ್ರಾಯ್ತು..."

"ವಾಪಸ್ ಹೋದ್ರೆ ಏನಾಗುತ್ತೆ ಅಂತ ನಂಗೊಬ್ಬಳಿಗೇ ಗೊತ್ತು. ತೇಪೆ ಕಾಣಬಾರ್ದು ಅಂತ ಎಷ್ಟು ಜೋಪಾನವಾಗಿ ಮಡಿಸಿದಾಳೆ ನೋಡಿ. ಊರವರ ಬಾಯಿ ನಾನು ತಡ್ಕೊಂಡೆ. ಅವಳ ಕೈಲಿ ಆಗುತ್ತೋ ಇಲ್ವೋ."

"ಹಾಗಾದ್ರೆ ನಾವು?"

ಅವಳು ನೆಲದ ಮೇಲಿದ್ದ ಟೇಪನ್ನು ಎತ್ತಿ ಕುತ್ತಿಗೆಗೆ ಹಾಕಿಕೊಂಡಳು.

ಹೊರಗೆ ಕಾರ್ಖಾನೆಯ ಪಾಳಿ ಮುಗಿದು ಸೈಕಲ್ಲುಗಳು ಹೋಗತೊಡಗಿದವು. ಯೋಗರಾಜ್ ಎದ್ದು ಮೇಜಿನ ಮೇಲೆ ಕಣ್ಣಾಡಿಸಿದ. ಹೊನ್ನೆಯ ತುಂಡು ಅವನ ಕಣ್ಣಿಗೆ ಬಿತ್ತು. ಬಟ್ಟೆ ತಿಕ್ಕಿ ತಿಕ್ಕಿ ಅದು ನುಣ್ಣಗಾಗಿತ್ತು.

"ಇಟ್ಕೊಂಡಿದೀಯ."

"ಹೂಂ."

ಅವನು ಅದನ್ನು ಕೈಗೆತ್ತಿಕೊಂಡು ಮತ್ತೆ ಮಂಡಿಯೂರಿದ. ಹುರಿ ಕಿತ್ತು, ರಾಮಯ್ಯನವರ ರಟ್ಟನ್ನು ಬಿಡಿಸಿ ಪಕ್ಕಕ್ಕಿಟ್ಟ. ಒಂದು ಕೈಯಲ್ಲಿ ಮೇಜನ್ನು ಎತ್ತಿ ಹಿಡಿದು, ತುಂಡನ್ನು ಕಾಲಿನ ಕೆಳಗೆ ಸರಿಸಿ, ಮೆಲ್ಲನೆ ಇಳಿಸಿದ.

ಹೇಮಶ್ರೀ ಎದ್ದು ಎರಡೂ ಅಂಗೈ ಮೇಜಿನ ಮೇಲಿಟ್ಟು ಒತ್ತಿದಳು. ಅಲುಗಲಿಲ್ಲ. ಅಷ್ಟು ವರ್ಷ ಮೇಜಿನ ಮೇಲೆಯೇ ಇದ್ದ ತುಂಡು ಅದು.

ಅವಳು ಕತ್ತರಿ ತೆಗೆದುಕೊಂಡು ನೀಲಿ ರವಿಕೆಯ ಭುಜದ ಒರಟು ಹೊಲಿಗೆಯನ್ನು ಬಿಚ್ಚಿದಳು. ಹತ್ತಿಯ ಮೆತ್ತೆ ಹೊರಗೆ ಬಂತು. ಅದನ್ನು ಚಿಂದಿಬಟ್ಟೆಯ ಬುಟ್ಟಿಗೆ ಹಾಕಿದಳು. ಆಮೇಲೆ, ಹಸಿರು ರವಿಕೆಗೆ ಅವನು ಕೈ ಚಾಚಿದಾಗ, ತಡೆದಳು.

"ಇದು ಇಲ್ಲೇ ಇರ್ಲಿ. ಧಾರೆ ಬ್ಲೌಸು ನಾನೇ ಹೊಲೀತೀನಿ."

"ಬೇಡ ಹೇಮಾ. ಯಾಕೆ ನಿಂಗೆ ಈ ಶಿಕ್ಷೆ?"

"ಶಿಕ್ಷೆ ಅಲ್ಲ. ಬೇರೆಯವರು ಹೊಲಿದ್ರೆ ತೇಪೆ ನೋಡಿ ನಿಮ್ಮ ಅಮ್ಮಂಗೆ ಹೇಳ್ತಾರೆ. ನಾನು ಹೇಳಲ್ಲ." ಕಣ್ಣೊರೆಸಿಕೊಂಡಳು. "ಪಕ್ಕದಲ್ಲಿ ಸ್ವಲ್ಪ ಬಟ್ಟೆ ಒಳಗೆ ಬಿಟ್ಟಿರ್ತೀನಿ. ಮುಂದೆ ಬೇಕಾದಾಗ ಬಿಚ್ಚಿ ಸಡಿಲ ಮಾಡ್ಕೋಬಹುದು."

ಯೋಗರಾಜ್ ಗೋಡೆಯ ಕಡೆ ಮುಖ ತಿರುಗಿಸಿದ. ಅವನ ಭುಜಗಳು ಅಲುಗಿದವು. ಅವಳು ನೋಡಿದಳು, ಹತ್ತಿರ ಹೋಗಲಿಲ್ಲ.

ಆಮೇಲೆ ಅವನು ಹೊರಟ. ಅವಳು ಹೊಸಿಲವರೆಗೆ ಬಂದಳು. ಟೇಪು ಎಂದಿನಂತೆ ಬಲಗಡೆಗೆ ಜಾರಿ ಕೆಳಗೆ ಬಿತ್ತು. ಅವನು ಬಗ್ಗಿ ಎತ್ತಿಕೊಟ್ಟ. ಕೊಡುವಾಗ ಅದರ ಹರಿದ ತುದಿಯನ್ನು ಬೆರಳಿನಿಂದ ಒಮ್ಮೆ ಸವರಿದ.

"ಹೊಸದು ಇನ್ನೂ ಇದೆಯಾ?"

"ಇದೆ. ಸೀರೆ ಮಡಿಕೇಲಿ."

"ಆ ಬ್ಲೌಸು ಅದರಲ್ಲಿ ಅಳೆದು ಹೊಲಿ. ಹಳೇದರಲ್ಲಿ ಬೇಡ."

"ಯಾಕೆ?"

"ಒಂದು ಕಳೆಯೋದು ಮರೆತುಬಿಟ್ರೆ?"

ಹೇಮಶ್ರೀ ಟೇಪನ್ನು ಕುತ್ತಿಗೆಗೆ ಹಾಕಿಕೊಂಡಳು. ಇಳಿದ ಬಲಭುಜದ ಮೇಲೆ ಸೆರಗು ಎಳೆದುಕೊಳ್ಳಲಿಲ್ಲ.

"ಮರೆಯಲ್ಲ," ಎಂದಳು. "ಒಂದು ಕಳೆದೇ ಲೆಕ್ಕ ಹಾಕೋದು ನಂಗೆ ಅಭ್ಯಾಸ ಆಗಿದೆ."